ಮೂರು ಚೆಂಡಿನ ಸ್ಪೈರೋಮೀಟರ್: ಬೈಪಾಸ್ ಆಗಿ ಐದು ತಿಂಗಳು ಬಳಸಿದವಳ ಅಭಿಪ್ರಾಯ

ದಾವಣಗೆರೆಯ ಯಾವುದೇ ದೊಡ್ಡ ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿಗೆ ಹೋಗಿ ‘ಬಾಲ್ ಇರೋ ಉಸಿರಿನ ಮಷಿನ್ ಕೊಡ್ರಿ’ ಅಂದರೆ ಸಾಕು, ಹಿಂದಿನ ಕಪಾಟಿನಿಂದ ಒಂದು ಡಬ್ಬಿ ತೆಗೆದು ಮುಂದಿಡುತ್ತಾರೆ. ಡಬ್ಬಿಯ ಮೇಲೆ ಸ್ಪೈರೋಮೀಟರ್ ಅಂತಲೋ ರೆಸ್ಪಿರೋಮೀಟರ್ ಅಂತಲೋ ಬರೆದಿರುತ್ತದೆ. ಒಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಅಕ್ಕಪಕ್ಕ ಮೂರು ಕೋಣೆ, ಕೋಣೆಗೊಂದು ಹಗುರ ಚೆಂಡು. ಪಕ್ಕಕ್ಕೆ ಸಿಕ್ಕಿಸಲು ಒಂದು ಸುರುಳಿ ಪೈಪು, ಪೈಪಿನ ತುದಿಗೆ ಬಾಯಲ್ಲಿ ಹಿಡಿಯುವ ಮೂತಿ. ಬ್ಯಾಟರಿ ಇಲ್ಲ, ಕರೆಂಟ್ ಬೇಡ. ನಾನು ಕೊಟ್ಟದ್ದು 320 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ನಮೂನೆಯವು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ನಾನು ಹೇಳುವ ಗುಣದೋಷ ಇಡೀ ಜಾತಿಗೆ ಸೇರಿದ್ದು.

ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಮನೆ ನಿಟ್ಟುವಳ್ಳಿಯಲ್ಲಿ. ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದು ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಾಣ ಎಳೆದು ತೋರಿಸಿದ ಕೈ ನನ್ನದು. ಆದರೂ ನನ್ನ ಎದೆಯೊಳಗೆ ಏನು ನಡೆದಿದೆ ಎಂದು ಸುಮಾರು ಒಂದು ವರ್ಷ ನನಗೆ ತಿಳಿಯಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಎಡ ದವಡೆಯಲ್ಲಿ ಜಗ್ಗಿದಂಥ ನೋವು, ಮಧ್ಯಾಹ್ನ ಮೂರರ ಹೊತ್ತಿಗೆ ಕೈಕಾಲು ಸೋತು ಬರುವುದು. ಹೆಂಗಸರಿಗೆ ಹೃದಯದ ತೊಂದರೆ ಎದೆ ಹಿಡಿದುಕೊಳ್ಳುವ ನೋವಿಲ್ಲದೆಯೂ ಹೀಗೆ ಬರಬಹುದು ಎಂಬುದನ್ನು ಆಮೇಲೆ ತಿಳಿದೆ. ಆಗ ಕೇಳಿದವರೆಲ್ಲ ಹೇಳಿದ್ದು ಒಂದೇ: ‘ಗ್ಯಾಸ್ ಇರ್ಬೇಕು ಬಿಡ್ರಿ, ಏನಾಗಲ್ಲ.’ ನಾನೂ ಅದನ್ನೇ ನಂಬಿದೆ. ಜೀರಿಗೆ ಕಷಾಯ ಕುಡಿದೆ, ಸೋಡಾ ಕುಡಿದೆ, ರಾತ್ರಿ ಊಟ ಬಿಟ್ಟೆ.

ಆ ‘ಏನಾಗಲ್ಲ’ದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೇಳಲಿಕ್ಕೆ ಧೈರ್ಯದ ಮಾತಿನಂತೆಯೇ ಇರುತ್ತದೆ, ಆದರೆ ಮನುಷ್ಯರನ್ನು ಕೂತಲ್ಲೇ ಕೂರಿಸಿಬಿಡುತ್ತದೆ. ಕೊನೆಗೆ ಇಸಿಜಿ ಮಾಡಿಸಿದ ದಿನ ಸಂಜೆಯೇ ಅಡ್ಮಿಟ್ ಆಗಬೇಕಾಯಿತು. ಆಂಜಿಯೋಗ್ರಾಮಿನಲ್ಲಿ ಮೂರು ಕಡೆ ಬ್ಲಾಕ್ ಕಂಡಿತು. ಮಗಳು ಬೆಂಗಳೂರಿನಲ್ಲಿರುವುದರಿಂದ ಬೈಪಾಸ್ ಆಪರೇಷನ್ (ಬ್ಲಾಕ್ ಆದ ನಾಳದ ಪಕ್ಕದಿಂದ ರಕ್ತ ಹರಿಯಲು ಬೇರೆ ದಾರಿ ಮಾಡುವುದು) ಅಲ್ಲಿ ಆಯಿತು, ಸೆಪ್ಟೆಂಬರ್ ಕೊನೆಯ ವಾರ.

ಈ ಯಂತ್ರವನ್ನು ನಾನು ಮೊದಲು ಕಂಡದ್ದು ಐಸಿಯುನಲ್ಲಿ. ಎದೆಯ ನಡುಮೂಳೆಯನ್ನು ಕೊಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ. ಕಾಲಿನಿಂದ ತೆಗೆದ ರಕ್ತನಾಳದ ಗಾಯ ಬೇರೆ. ಉಸಿರು ಎಳೆದರೆ ನೋವು, ಕೆಮ್ಮಿದರೆ ಕಣ್ಣು ಕತ್ತಲೆ. ಹಾಗಾಗಿ ದೇಹ ತಾನಾಗಿಯೇ ಉಸಿರನ್ನು ಕಿರಿದು ಮಾಡಿಕೊಳ್ಳುತ್ತದೆ, ಮೇಲೆ ಮೇಲೆ ಆಡಿಸುತ್ತದೆ. ಶ್ವಾಸಕೋಶದೊಳಗಿನ ಗಾಳಿಗೂಡುಗಳು ಕೋಟಿಗಟ್ಟಲೆ ಇವೆ. ಕೆಳಭಾಗದವಕ್ಕೆ ಗಾಳಿ ಹೋಗದಿದ್ದರೆ ಅವು ಮುಚ್ಚಿಕೊಳ್ಳುತ್ತವೆ, ಮಂಡಕ್ಕಿ ಖಾಲಿಯಾದ ಪ್ಲಾಸ್ಟಿಕ್ ಚೀಲ ಒಳಗೊಳಗೇ ಅಂಟಿಕೊಳ್ಳುವ ಹಾಗೆ. ಅಲ್ಲಿ ಕಫ ನಿಂತರೆ ನ್ಯುಮೋನಿಯಾದ ಭಯ. ಅದಕ್ಕೇ ಪ್ರಜ್ಞೆ ಬಂದು ಕೂರಿಸುವಷ್ಟಾದ ಕೂಡಲೇ ಸಿಸ್ಟರ್ ಇದನ್ನು ಕೈಗೆ ಕೊಡುತ್ತಾರೆ.

ನಾನು ಊದಿದೆ. ಎಲ್ಲರೂ ಊದುತ್ತಾರಂತೆ. ಚೆಂಡು ಅಲುಗಲೂ ಇಲ್ಲ.

‘ಊದ್ಬೇಡಿ ಅಮ್ಮ, ಒಳಗೆ ಎಳೀರಿ. ಸ್ಟ್ರಾ ಹಾಕಿ ಎಳನೀರು ಕುಡಿಯೋ ಥರ.’

ಇದನ್ನು ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ನಮ್ಮ ಕಡೆ ಇದನ್ನು ‘ಊದೋ ಮಷಿನ್’ ಎಂದೇ ಕರೆಯುತ್ತಾರೆ, ಆ ಹೆಸರೇ ದಾರಿ ತಪ್ಪಿಸುತ್ತದೆ. ಕೆಲವು ಕಾಯಿಲೆಗಳಿಗೆ ಪೆಟ್ಟಿಗೆಯನ್ನು ತಲೆಕೆಳಗೆ ಹಿಡಿಸಿ ಊದಿಸುವುದೂ ಉಂಟು, ಅದು ಡಾಕ್ಟರ್ ಹೇಳಿದವರಿಗೆ. ಆಪರೇಷನ್ ಆದ ನಮ್ಮಂಥವರ ಕೆಲಸ ಎಳೆಯುವುದು. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ತುಟಿಯನ್ನು ಮೂತಿಯ ಸುತ್ತ ಗಾಳಿ ಸೋರದಂತೆ ಮುಚ್ಚಬೇಕು, ಆಮೇಲೆ ನಿಧಾನ ಎಳೆಯಬೇಕು.

ಎಳೆದೆ. ಮೊದಲ ಕೋಣೆಯ ಚೆಂಡು ತಳದಲ್ಲಿ ಒಮ್ಮೆ ನಡುಗಿತು. ಅಷ್ಟೇ. ಕೋಣೆಗಳ ಮೇಲೆ 600, 900, 1200 ಎಂದು ಬರೆದಿತ್ತು. ಮೂರನೆಯದು ಒಂದು ಬೇರೆ ಜಗತ್ತಿನಲ್ಲಿದ್ದಂತೆ ಕಂಡಿತು. ಆದರೆ ಮೊದಲ ಚೆಂಡು ನಡುಗಿದ್ದನ್ನು ನಾನು ನೋಡಿದ್ದೆ. ಆ ಎರಡು ದಿನಗಳಲ್ಲಿ ಸುತ್ತಲಿನ ಮಾನಿಟರ್‌ಗಳಲ್ಲಿ ಎಷ್ಟೋ ಅಂಕಿ, ಎಷ್ಟೋ ಗೆರೆ ಓಡುತ್ತಿದ್ದವು. ಯಾವುದೂ ನಾನು ಮಾಡಿದ್ದಲ್ಲ. ಚೆಂಡು ನಡುಗಿದ್ದು ಮಾತ್ರ ನಾನು ಮಾಡಿದ್ದು.

ಆ 600 ಮುಂತಾದವು ಏನೆಂಬುದನ್ನು ಡಬ್ಬಿಯೊಳಗಿನ ಚೀಟಿ ಸರಿಯಾಗಿ ಹೇಳುವುದಿಲ್ಲ, ಹೇಳಿದರೂ ಇಂಗ್ಲಿಷಿನಲ್ಲಿ. ಬಹಳ ಜನ ಅದನ್ನು ಶ್ವಾಸಕೋಶದ ಅಳತೆ ಎಂದುಕೊಳ್ಳುತ್ತಾರೆ. ಅಲ್ಲ. ಅದು ವೇಗ. ಸೆಕೆಂಡಿಗೆ 600 ಮಿಲಿಲೀಟರ್ ಗಾಳಿ ಎಳೆದರೆ ಒಂದು ಚೆಂಡು ಏಳುತ್ತದೆ, 900ಕ್ಕೆ ಎರಡು, 1200ಕ್ಕೆ ಮೂರು. ಇದು ತಿಳಿಯದೆ ನಾನು ಹತ್ತು ದಿನ ತಪ್ಪು ಮಾಡಿದೆ. ಜೋರಾಗಿ ಗಕ್ಕನೆ ಎಳೆದರೆ ಎರಡು ಚೆಂಡು ಟಣ್ಣನೆ ಹಾರಿ ಬೀಳುತ್ತವೆ, ನೋಡಲು ಖುಷಿಯಾಗುತ್ತದೆ, ಆದರೆ ಗಾಳಿ ಆಳಕ್ಕೆ ಹೋಗಿರುವುದೇ ಇಲ್ಲ. ಇಲ್ಲಿ ಮನೆಗೆ ಬರುತ್ತಿದ್ದ ಫಿಜಿಯೋ ಹುಡುಗ ಅದನ್ನು ನೋಡಿ ತಲೆ ಅಲ್ಲಾಡಿಸಿದ. ‘ಮೇಡಂ, ಒಂದೇ ಎತ್ರಿ. ಆದ್ರೆ ಮೂರು ಎಣಿಸೋ ತನಕ ಅದು ಕೆಳಗೆ ಬೀಳ್ಬಾರ್ದು’ ಅಂದ. ಒಂದು ಚೆಂಡನ್ನು ಮೇಲೆ ನಿಲ್ಲಿಸುವುದು ಮೂರನ್ನು ಹಾರಿಸುವುದಕ್ಕಿಂತ ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ, ನಡುನಡುವೆ ಬಿಡುವು ಕೊಟ್ಟು. ಬಿಡುವು ಕೊಡದಿದ್ದರೆ ತಲೆ ಸುತ್ತುತ್ತದೆ, ನನಗೆ ಎರಡು ಸಲ ಸುತ್ತಿದೆ.

ಆಸ್ಪತ್ರೆಯಲ್ಲಿ ಕೊಟ್ಟ ಪೆಟ್ಟಿಗೆ ಊರಿಗೆ ಬರುವ ದಾರಿಯಲ್ಲಿ ಬಿರುಕು ಬಿಟ್ಟಿತು. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 260 ಕಿಲೋಮೀಟರ್. ಎದೆಗೆ ಬೆಲ್ಟು, ಬೆಲ್ಟಿನ ಮೇಲೆ ತಬ್ಬಿ ಹಿಡಿದ ದಿಂಬು. ಹಂಪ್ ಬಂದಾಗಲೆಲ್ಲ ನಮ್ಮನೆಯವರು ‘ಬಂತು, ಬಂತು’ ಅಂತ ಮೊದಲೇ ಹೇಳೋರು, ನಾನು ದಿಂಬು ಬಿಗಿ ಹಿಡಿಯುತ್ತಿದ್ದೆ. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಎಷ್ಟು ವರ್ಷದಿಂದ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಅವತ್ತು ಮಾತ್ರ ಅವುಗಳ ಜೊತೆ ಉಸಿರಾಡಿದೆ. ರೆಕ್ಕೆ ಮೇಲೇರುವಾಗ ಒಳಗೆ, ಇಳಿಯುವಾಗ ಹೊರಗೆ. ಕೆಲವು ನಿಂತಿದ್ದವು, ತಿರುಗುತ್ತಿದ್ದದ್ದನ್ನು ಹುಡುಕಿ ಹುಡುಕಿ ನೋಡಿದೆ. ಮನೆ ತಲುಪಿ ಚೀಲ ಬಿಚ್ಚಿದರೆ ಪೆಟ್ಟಿಗೆಯ ಮೂಲೆ ಒಡೆದು ಗಾಳಿ ಸೋರುತ್ತಿತ್ತು. ಮಾರನೆಯ ದಿನವೇ ಹೊಸದು ತರಿಸಿದೆ. ಆ 320 ರೂಪಾಯಿ ಅದರದ್ದು. ಪ್ರಯಾಣ ಮಾಡುವವರು ಪೆಟ್ಟಿಗೆಯನ್ನು ಟವಲ್ಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡಿ.

ಮನೆಗೆ ಬಂದ ಮೇಲೆ ಒಂದು ಪುಸ್ತಕ ಮಾಡಿದೆ. ಹಳೆಯ ಅಭ್ಯಾಸ, ಹಾಜರಿ ಪುಸ್ತಕದ ಹಾಗೆ ಗೆರೆ ಹೊಡೆದು ದಿನಾಂಕ ಹಾಕಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಎಷ್ಟು ಚೆಂಡು, ಎಷ್ಟು ಎಣಿಕೆ. ಆಪರೇಷನ್ ಆದ 9ನೇ ದಿನ: ಒಂದು ಚೆಂಡು, ಒಂದು ಎಣಿಕೆ. 13ನೇ ದಿನ: ಒಂದು ಚೆಂಡು, ಮೂರು ಎಣಿಕೆ. ಪಕ್ಕದಲ್ಲಿ ನಡಿಗೆ: ಹಾಲ್‌ನಿಂದ ಗೇಟಿಗೆ, ಗೇಟಿನಿಂದ ಮೂಲೆಯ ಕಿರಾಣಿ ಅಂಗಡಿಗೆ.

16ನೇ ದಿನ ಬಿದ್ದುಹೋದೆ. ನೆಲಕ್ಕಲ್ಲ, ಮನಸ್ಸಿನೊಳಗೆ. ಬೆಳಿಗ್ಗೆ ಎದ್ದರೆ ಅಳು. ಕಾರಣ ಕೇಳಿದರೆ ಹೇಳಲು ಏನೂ ಇಲ್ಲ. ದಸರಾ ಹತ್ತಿರವಿತ್ತು, ಬೀದಿಯಲ್ಲಿ ಮಕ್ಕಳ ಗಲಾಟೆ, ಪಕ್ಕದ ಮನೆಯಲ್ಲಿ ಹೋಳಿಗೆ ವಾಸನೆ, ನನಗೆ ಯಾವುದೂ ಬೇಡ. ಬೈಪಾಸ್ ಆದವರಲ್ಲಿ ಬಹಳ ಜನರಿಗೆ ಹೀಗೆ ಮನಸ್ಸು ಕುಸಿಯುತ್ತದೆ, ಅದು ಕಾಯಿಲೆಯ ಒಂದು ಭಾಗವೇ, ಅದಕ್ಕೂ ಚಿಕಿತ್ಸೆ ಇದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮನೆಯವರು ಒಳ್ಳೆಯ ಮನಸ್ಸಿನಿಂದಲೇ ‘ಪಾಸಿಟಿವ್ ಆಗಿರು’ ಅಂದರು. ನೋಡಲು ಬಂದವರೂ ಅದನ್ನೇ ಅಂದರು. ಆ ಮಾತು ಕೇಳಿದಾಗಲೆಲ್ಲ ನಾನು ಇನ್ನೊಂದು ಪರೀಕ್ಷೆಯಲ್ಲೂ ಫೇಲಾದಂತೆ ಅನ್ನಿಸುತ್ತಿತ್ತು. ಹೃದಯವೂ ಸರಿಯಿಲ್ಲ, ಮನಸ್ಸೂ ಸರಿಯಿಟ್ಟುಕೊಳ್ಳಲಾಗಲಿಲ್ಲ ಅಂತ. ಎರಡು ದಿನ ಯಂತ್ರ ಮುಟ್ಟಲಿಲ್ಲ.

ಮೂರನೆಯ ದಿನ ಪುಸ್ತಕ ತೆರೆದರೆ ಎರಡು ದಿನದ ಸಾಲು ಖಾಲಿ. 31 ವರ್ಷ ನಾನು ಹಾಜರಿ ಪುಸ್ತಕದಲ್ಲಿ ಒಂದು ಮನೆಯನ್ನೂ ಖಾಲಿ ಬಿಟ್ಟವಳಲ್ಲ. ಬಂದಿದ್ದರೆ ‘ಹಾ’, ಬಾರದಿದ್ದರೆ ‘ಗೈ’. ಪೆನ್ನು ತೆಗೆದು ಎರಡೂ ದಿನಕ್ಕೆ ‘ಗೈ’ ಎಂದು ಬರೆದೆ. ಗೈರುಹಾಜರಾದ ಮಗು ಶಾಲೆಯಿಂದ ಹೋಗಿಬಿಟ್ಟ ಹಾಗಲ್ಲ, ಅವತ್ತು ಬಂದಿಲ್ಲ, ಅಷ್ಟೇ. ಮೂರನೆಯ ದಿನದ ಮನೆಯಲ್ಲಿ ಏನಾದರೂ ಬರೆಯಬೇಕಿತ್ತು. ಯಂತ್ರ ತೆಗೆದೆ. ಒಂದು ಚೆಂಡು, ಎರಡು ಎಣಿಕೆ. ಹಿಂದೆ ಸರಿದಿದ್ದೆ, ಆದರೂ ಬರೆದೆ. ಆ ವಾರದ ಕೊನೆಗೆ ಡಾಕ್ಟರ ಬಳಿ ಅಳುವಿನ ವಿಷಯವನ್ನೂ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು.

ಆಮೇಲೆ ಓದತೊಡಗಿದೆ. ಆಶೆ ಇದ್ದರೆ ಬೇಗ ಗುಣವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ ಆಧಾರವಿದೆಯೇ ಎಂದು ತಿಳಿಯುವ ಹಟ. ಅಮೆರಿಕದ ಮೈಕೆಲ್ ಶೈಯರ್, ಚಾರ್ಲ್ಸ್ ಕಾರ್ವರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಆಶಾವಾದವನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. 1994ರಲ್ಲಿ ತಿದ್ದಿದ ರೂಪದಲ್ಲಿ 10 ವಾಕ್ಯಗಳಿವೆ, ಅವುಗಳಲ್ಲಿ 4 ಲೆಕ್ಕಕ್ಕೇ ಇಲ್ಲ. ಏನನ್ನು ಅಳೆಯುತ್ತಿದ್ದಾರೆಂಬ ಸುಳಿವು ಸಿಗದಿರಲೆಂದು ನಡುವೆ ಸೇರಿಸಿದವು. ವರ್ಷವರ್ಷ ಪ್ರಶ್ನೆಪತ್ರಿಕೆ ತೆಗೆದ ನನಗೆ ಈ ಉಪಾಯ ಬಹಳ ಹಿಡಿಸಿತು. ಅವರ ತಂಡ 1989ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನಂಥವರದ್ದೇ: ಬೈಪಾಸ್ ಆದ 51 ಗಂಡಸರು. ಆಪರೇಷನ್‌ಗೆ ಮುಂಚೆ ಯಾರ ನೋಟ ಹೆಚ್ಚು ಆಶಾದಾಯಕವಾಗಿತ್ತೋ ಅವರು ಹಾಸಿಗೆಯಲ್ಲಿ ಎದ್ದು ಕೂರುವುದು, ಕೋಣೆಯಲ್ಲಿ ನಡೆಯುವುದು ಇವನ್ನೆಲ್ಲ ಬೇಗ ಮಾಡಿದರು, ದಿನದ ಬದುಕಿಗೆ ಬೇಗ ಮರಳಿದರು. ಹತ್ತು ವರ್ಷದ ನಂತರ, 1999ರಲ್ಲಿ, 309 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಆಶಾವಾದಿಗಳು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆ ಎಂದು ಕಂಡಿತು. 2019ರಲ್ಲಿ ಅಲನ್ ರೋಜಾನ್ಸ್ಕಿ ಮತ್ತು ಜೊತೆಗಾರರು 15 ಅಧ್ಯಯನಗಳ 2,29,391 ಜನರ ಲೆಕ್ಕ ಒಟ್ಟುಗೂಡಿಸಿದರು. ಆಶಾವಾದಿಗಳಲ್ಲಿ ಹೃದಯ, ರಕ್ತನಾಳದ ಅವಘಡಗಳು ಶೇ 35ರಷ್ಟು ಕಡಿಮೆ.

ಓದಿದಾಗ ಖುಷಿಯಾಯಿತು, ಕೂಡಲೇ ಮೇಷ್ಟ್ರಬುದ್ಧಿಯೂ ಎದ್ದಿತು. ಜೊತೆಗಿರುವುದು ಬೇರೆ, ಕಾರಣವಾಗುವುದು ಬೇರೆ. ಛತ್ರಿ ಹಿಡಿದವರು ಹೆಚ್ಚಿದ್ದ ದಿನ ಮಳೆ ಬಂದಿರುತ್ತದೆ, ಹಾಗಂತ ಛತ್ರಿ ಮಳೆ ತರಿಸಲಿಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದವರಿಗೆ, ಕೈಯಲ್ಲಿ ಕಾಸಿದ್ದವರಿಗೆ ಆಶೆ ಇಟ್ಟುಕೊಳ್ಳುವುದು ಸುಲಭವೂ ಇರಬಹುದು. ಸಂಶೋಧಕರು ಇಂಥವನ್ನೆಲ್ಲ ಲೆಕ್ಕದಲ್ಲಿ ಕಳೆದು ನೋಡುತ್ತಾರೆ, ಆದರೂ ಪೂರ್ತಿ ಕಳೆಯಲಾಗುವುದಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಅಡುಗೆಮನೆಯ ಮಟ್ಟದ್ದು. ನಾಳೆ ಇದೆ ಎಂದು ನಂಬಿದವರು ಮಾತ್ರೆ ತಪ್ಪಿಸುವುದಿಲ್ಲ, ಉಪ್ಪು ಕಡಿಮೆ ಮಾಡುತ್ತಾರೆ, ಬೆಳಿಗ್ಗೆ ಎದ್ದು ನಡೆಯುತ್ತಾರೆ, ನಿದ್ದೆಯೂ ಬರುತ್ತದೆ. ಸದಾ ಆತಂಕದಲ್ಲಿರುವ ದೇಹದಲ್ಲಿ ನಾಡಿ, ರಕ್ತದೊತ್ತಡ ಏರಿಯೇ ಇರುತ್ತವೆ, ಅದು ಇಳಿದರೆ ಹೃದಯಕ್ಕೂ ಬಿಡುವು. 16ನೇ ದಿನದಿಂದ 18ನೇ ದಿನದವರೆಗೆ ನಾನೇ ಇದರ ಉಲ್ಟಾ ಉದಾಹರಣೆ: ಆಶೆ ಹೋದ ಕೂಡಲೇ ಯಂತ್ರ ಹೋಯಿತು, ನಡಿಗೆ ಹೋಯಿತು, ಮಧ್ಯಾಹ್ನದ ಮಾತ್ರೆಯೂ ಒಂದು ದಿನ ತಪ್ಪಿತು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಲೇಬೇಕು. ಈ ಬರಹಕ್ಕೆ ಅದು ಸಂಬಂಧವಿಲ್ಲ ಅನ್ನಿಸಬಹುದು, ನನಗೆ ಇದೆ. ಅಕ್ಕ ಎಲೆಅಡಿಕೆ, ತಂಬಾಕು ಹಾಕುತ್ತಿದ್ದಳು. ಬಾಯಿ ಕ್ಯಾನ್ಸರ್ ಆಯಿತು. ಒಂದೂವರೆ ವರ್ಷ ಹೋರಾಡಿದಳು. ರೇಡಿಯೇಷನ್‌ಗೆ ಹೋಗುವಾಗಲೂ ಹಣೆಗೆ ಕುಂಕುಮ ಇಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟೇ ಹೋಗುತ್ತಿದ್ದಳು. ಮೊಮ್ಮಗನ ಜವಳ ನೋಡಬೇಕು ಅನ್ನುತ್ತಿದ್ದಳು. ಹೋದಳು. ಹನ್ನೊಂದನೆಯ ದಿನದ ಊಟದಲ್ಲಿ ಕೂತು ನೆಂಟರೊಬ್ಬರು ‘ಧೈರ್ಯ ಕಳ್ಕೊಂಡ್ಲು, ಅದಕ್ಕೇ ಉಳೀಲಿಲ್ಲ’ ಅಂದರು. ನಾನು ಎಲೆ ಬಿಟ್ಟು ಎದ್ದು ಬಂದೆ. ಈಗ ಓದುವಾಗ 2007ರ ಒಂದು ಅಧ್ಯಯನ ಸಿಕ್ಕಿತು. ಜೇಮ್ಸ್ ಕೊಯ್ನ್ ಮತ್ತು ಜೊತೆಗಾರರು ತಲೆ, ಕುತ್ತಿಗೆ ಭಾಗದ ಕ್ಯಾನ್ಸರ್ ಆದ 1,093 ಜನರನ್ನು ನೋಡಿದ್ದರು. ಮನಸ್ಸಿನ ಸ್ಥಿತಿ ಚೆನ್ನಾಗಿದ್ದವರು ಹೆಚ್ಚು ಕಾಲ ಉಳಿದರು ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಅದನ್ನು ಮೂರು ಸಲ ಓದಿದೆ. ಅಕ್ಕ ಏನನ್ನೂ ಕಳೆದುಕೊಂಡಿರಲಿಲ್ಲ. ಗಡ್ಡೆ ದೊಡ್ಡದಿತ್ತು, ತಡವಾಗಿ ತಿಳಿಯಿತು. ಹಾಸಿಗೆ ಹಿಡಿದವರ ಎದುರು ಆಶಾವಾದದ ಮಾತಾಡುವವರು, ಅವರು ಹೋದ ಮೇಲೆ ಅದೇ ಮಾತನ್ನು ಅವರ ತಪ್ಪಾಗಿ ಎಣಿಸಬೇಡಿ, ಕೈ ಮುಗಿದು ಕೇಳುತ್ತೇನೆ.

ಯಂತ್ರಕ್ಕೆ ಬರುತ್ತೇನೆ. ಇದರ ಬಗ್ಗೆಯೂ ಓದಿದೆ, ಮುಚ್ಚಿಡುವುದಿಲ್ಲ. ಬೈಪಾಸ್ ಆದವರಲ್ಲಿ ಈ ಯಂತ್ರ ಶ್ವಾಸಕೋಶದ ತೊಂದರೆ ತಡೆಯುತ್ತದೆಯೇ ಎಂದು ನಡೆದ ಪ್ರಯೋಗಗಳನ್ನೆಲ್ಲ, ಚಿಕಿತ್ಸೆಗಳ ಪುರಾವೆ ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2012ರಲ್ಲಿ ಸೇರಿಸಿ ನೋಡಿತ್ತು. ಬೇರೆ ಉಸಿರಾಟದ ವ್ಯಾಯಾಮಗಳಿಗಿಂತ ಇದು ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಅಂದರೆ ಚೆಂಡಿನಲ್ಲಿ ಯಾವ ಮಾಯೆಯೂ ಇಲ್ಲ. ಬರೀ ಆಳವಾಗಿ ಉಸಿರೆಳೆದು, ದಿಂಬು ಹಿಡಿದು ಕೆಮ್ಮಿ, ಬೇಗ ಎದ್ದು ನಡೆದಾಡಿದರೂ ಆದೀತು. ಫಿಜಿಯೋ ಹುಡುಗನನ್ನು ಕೇಳಿದೆ, ಅವನೂ ಒಪ್ಪಿದ. ‘ಹೌದು ಮೇಡಂ, ಆದ್ರೆ ಬರೀ ಉಸಿರಾಡ್ರಿ ಅಂದ್ರೆ ಯಾರೂ ಮಾಡಲ್ಲ’ ಅಂದ. ನನ್ನ ಮಟ್ಟಿಗೆ ಅದು ನಿಜ. ದಿನಕ್ಕೆ ನೂರು ಸಲ ಆಳವಾಗಿ ಉಸಿರಾಡು ಎಂದು ಹೇಳಿದ್ದರೆ ನಾನು ಎರಡನೆಯ ದಿನ ಬಿಡುತ್ತಿದ್ದೆ. ಇದರಲ್ಲಿ ನಿನ್ನೆಯದಕ್ಕಿಂತ ಇವತ್ತು ಅರ್ಧ ಬೆರಳು ಮೇಲೆ ಎಂದು ಕಣ್ಣಿಗೆ ಕಾಣುತ್ತದೆ. ಒಳಗಿನ ಗಾಯ ಮಾಯುವುದು ಯಾರಿಗೂ ಕಾಣುವುದಿಲ್ಲ, ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವ ಹಾಗಿಲ್ಲ. ಅಂಥ ದಿನಗಳಲ್ಲಿ ಎತ್ತಬಹುದಾದದ್ದು ಅದೊಂದೇ ಚೆಂಡು.

24ನೇ ದಿನ ಎರಡು ಚೆಂಡು. ದೀಪಾವಳಿ ಕಳೆದ ಮೇಲೆ, 41ನೇ ದಿನ ಬೆಳಿಗ್ಗೆ ಮೂರೂ ಎದ್ದವು, ಒಂದು ಎಣಿಕೆಯಷ್ಟು ಹೊತ್ತು. ಅಡುಗೆಮನೆಯಲ್ಲಿದ್ದ ನಮ್ಮನೆಯವರನ್ನು ಕೂಗಿದೆ, ಅವರು ಬರುವಷ್ಟರಲ್ಲಿ ಬಿದ್ದಿದ್ದವು. ‘ಇನ್ನೊಮ್ಮೆ ಮಾಡು, ನೋಡೋಣ’ ಅಂದರು. ಆಗಲಿಲ್ಲ. ಮೂರು ದಿನ ಆದಮೇಲೆ ತೋರಿಸಿದೆ.

ಸಂಕ್ರಾಂತಿಗೆ ನಮ್ಮೂರಿನ ಕುಂದವಾಡ ಕೆರೆ ಏರಿಯ ಮೇಲೆ ನಡೆಯಬೇಕು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೆ. ನಡೆದೆ. ಪೂರ್ತಿ ಅಲ್ಲ, ಎರಡು ಕಡೆ ಕೂತು, ಗಾಜಿನ ಮನೆಯ ಕಡೆ ನೋಡುತ್ತಾ, ನಿಧಾನಕ್ಕೆ. ಕೆರೆಯ ಗಾಳಿ ತಣ್ಣಗಿತ್ತು. ಎಳ್ಳುಬೆಲ್ಲ ಜೊತೆಗೆ ತಂದಿದ್ದೆವು. ಬೆಣ್ಣೆ ದೋಸೆಯ ವಿಷಯ ಕೇಳುವವರಿಗೆ: ಮೂರು ತಿಂಗಳ ಚೆಕಪ್‌ನಲ್ಲಿ ಡಾಕ್ಟರನ್ನು ಕೇಳಿದೆ, ಯಾವಾಗಲೋ ಒಂದು ತಿನ್ನಿ, ಮೇಲಿನ ಬೆಣ್ಣೆ ಮುದ್ದೆ ಬೇಡ ಅಂದರು. ಒಂದು ತಿಂದೆ, ಆಲೂ ಪಲ್ಯ, ಚಟ್ನಿ ಜೊತೆ. ಸಾಕಾಯಿತು.

ಇನ್ನು ದೋಷಗಳು. ಪೈಪು ಸಿಕ್ಕಿಸುವ ಜಾಗ ಸಡಿಲ, ಕೆಲವು ವಾರಕ್ಕೆ ಕಳಚಿಕೊಳ್ಳುತ್ತದೆ. ಬಿಸಿನೀರಲ್ಲಿ ತೊಳೆದರೆ ಮೂತಿ ಸೊಟ್ಟಗಾಗುತ್ತದೆ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಪೆಟ್ಟಿಗೆಯೊಳಗೆ ತೇವ ಹೋದರೆ ಚೆಂಡು ಗೋಡೆಗೆ ಅಂಟಿ ಏಳುವುದಿಲ್ಲ, ನಮಗೆ ಶಕ್ತಿ ಕಡಿಮೆಯಾಯಿತು ಎಂದು ಸುಮ್ಮನೆ ಗಾಬರಿ. ನನಗೆ ಒಂದು ಬೆಳಿಗ್ಗೆ ಪೂರ್ತಿ ಹಾಗೆ ಆಯಿತು. ಪೆಟ್ಟಿಗೆಯನ್ನು ನೆಟ್ಟಗೆ ಹಿಡಿಯಬೇಕು, ಓರೆ ಹಿಡಿದರೆ ಚೆಂಡು ಸುಲಭವಾಗಿ ಏಳುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಎಷ್ಟು ಗಾಳಿ ಎಳೆದೆವು ಎಂದು ತಿಳಿಯಬೇಕಾದರೆ ಇದರಲ್ಲಿ ಆಗದು, ಅದಕ್ಕೆ ಒಳಗೆ ಬಿಲ್ಲೆ ಮೇಲೇರುವ ಇನ್ನೊಂದು ನಮೂನೆ ಬರುತ್ತದೆ, ಬೆಲೆ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಕೊರತೆ ಕನ್ನಡದಲ್ಲಿ ಒಂದು ಚೀಟಿ ಇಲ್ಲದಿರುವುದು. ಊದಬೇಡಿ, ಎಳೆಯಿರಿ ಎಂಬ ಎರಡೇ ಪದ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರೂ ಎಷ್ಟೋ ಜನರಿಗೆ ಉಪಕಾರ. ಆ ಒಂದಕ್ಕೆ ಅಂಕ ಕಳೆದು ಐದಕ್ಕೆ ನಾಲ್ಕು ಕೊಡುತ್ತೇನೆ. ಒಬ್ಬರದ್ದನ್ನು ಇನ್ನೊಬ್ಬರು ಬಳಸಬಾರದು, ಹಳೆಯದನ್ನು ಯಾರಿಗೂ ದಾನ ಮಾಡಬೇಡಿ.

ಇದನ್ನು ಬರೆಯುವಾಗ ನೆನಪಾಗುವವರು ನಮ್ಮ ಹಿಂದಿನ ಬೀದಿಯ ಅಜ್ಜ. 74 ವರ್ಷ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಕಾಟನ್ ಮಿಲ್ಲಿನ ಬ್ಲೋ ರೂಮಿನಲ್ಲಿ, ಹತ್ತಿ ಬಿಡಿಸುವ ಧೂಳಿನಲ್ಲಿ ದುಡಿದವರು. ರಜೆ ಕಳೆದು ಸೋಮವಾರ ಒಳಗೆ ಹೋದರೆ ಎದೆ ಬಿಗಿಯುತ್ತಿತ್ತಂತೆ, ವಾರದ ಕೊನೆಗೆ ಕಡಿಮೆಯಾಗುತ್ತಿತ್ತಂತೆ. ಹತ್ತಿಧೂಳಿನ ಕಾಯಿಲೆಯ ಗುರುತೇ ಅದು. ನನ್ನನ್ನು ನೋಡಲು ಬಂದವರು ಟೇಬಲ್ ಮೇಲಿನ ಯಂತ್ರ ನೋಡಿ ‘ಇದು ಏನ್ರಿ ಅಕ್ಕೋರೆ?’ ಅಂದರು. ಹೇಳಿದೆ. ‘ನಮ್ದೇನು ಬಿಡ್ರಿ, ಮುಗಿದ ಕತಿ’ ಅಂದರು. ಆ ಮಾತು ‘ಏನಾಗಲ್ಲ’ದ ತಮ್ಮನ ಹಾಗೆ ಕೇಳಿಸಿತು. ಅವರ ಮಗನಿಗೆ ಹೇಳಿ ಡಾಕ್ಟರಿಗೆ ತೋರಿಸಿದೆವು. ಇನ್ಹೇಲರ್ ಕೊಟ್ಟರು, ಉಸಿರಿನ ವ್ಯಾಯಾಮವನ್ನೂ ಬರೆದುಕೊಟ್ಟರು, ಇದನ್ನೂ ಇಟ್ಟುಕೊಳ್ಳಬಹುದು ಅಂದರು. ಹಾಳಾದ ಭಾಗ ಮೊದಲಿನಂತೆ ಆಗುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಅಜ್ಜನ ಮೊದಲ ಚೆಂಡು ಇವತ್ತಿಗೂ ಅರ್ಧಕ್ಕಿಂತ ಮೇಲೆ ಹೋಗಿಲ್ಲ. ಆದರೆ ಈಗ ದಿನಾ ಬೆಳಿಗ್ಗೆ ಮೂಲೆಯ ಚಹಾ ಅಂಗಡಿಯವರೆಗೆ ನಡೆದು ಹೋಗುತ್ತಾರೆ, ಮೊದಲು ಮಗ ಬೈಕಿನಲ್ಲಿ ಬಿಡುತ್ತಿದ್ದ.

ನನ್ನ ಪುಸ್ತಕ ನೋಡಿ ಅವರೂ ಲೆಕ್ಕ ಇಡತೊಡಗಿದ್ದಾರೆ. ಬರೆಯಲು ಬರುವುದಿಲ್ಲ, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ. ಮೊನ್ನೆ ಹೋದಾಗ ಎಣಿಸಿದೆ: 23 ಗೆರೆ, ನಡುವೆ ಎರಡು ಕಡೆ ಜಾಗ ಖಾಲಿ. ಇಲ್ಲಿ ಯಾಕಜ್ಜ ಬಿಟ್ಟೀರಿ ಅಂದೆ.

‘ಅವತ್ತು ಮನಸ್ಸಿರ್ಲಿಲ್ರಿ ಅಕ್ಕೋರೆ, ಮಾಡ್ಲಿಲ್ಲ. ಮಾಡ್ದೆ ಗೆರೆ ಎಳದ್ರೆ ಸುಳ್ಳಾಗ್ತೈತಲ್ರಿ’ ಅಂದರು.